ರಿವರ್ಸ್ ಲೈಟು ಉರಿದೇ ಉರಿಯಿತು

“ಏಳನೇ ಕ್ಲಾಸು ದಾಟದ ಕೈಗೆ ವೈರು ಕೊಟ್ಟರೆ ಹೆಣ ಬೀಳದೆ ಇನ್ನೇನು ಹೂವು ಬೀಳುತ್ತಾ?”

ಟೈಲ್ಸ್ ಗೋಡೌನಿನ ಯಜಮಾನ ಇದನ್ನು ನನಗೆ ಹೇಳಲಿಲ್ಲ. ನನ್ನ ಸುತ್ತ ನಿಂತವರಿಗೆ ಹೇಳಿದ. ಹಮಾಲರು, ಎದುರಿನ ಪಂಕ್ಚರ್ ಅಂಗಡಿಯವನು, ಟೀ ತಂದವನು, ಕಾನ್ಸ್‌ಟೇಬಲ್‌ಗಳು, ಎಲ್ಲರಿಗೂ ಕೇಳುವ ಹಾಗೆ, ಅಂಗಳದ ನಡುವೆ ನಿಂತು, ಬೆರಳು ಮಾತ್ರ ನನ್ನ ಕಡೆ ಮಾಡಿ.

“ಆ ಗಾಡಿಗೆ ಲೈಟು ಹಾಕಿದ ಮಹಾನುಭಾವ ಇವನೇ ನೋಡಿ. ಕರೆಂಟ್ ಅಂತ ಕರೀತಾರಂತೆ. ಇವನ ಕರೆಂಟು ಕೈಕೊಡ್ತು, ನಮ್ಮ ಮುದುಕ ಪ್ರಾಣ ಕೊಟ್ಟ.”

ಯಾರೋ ನಕ್ಕರು. ಹೆಣ ಎತ್ತಿದ ಜಾಗದಲ್ಲಿ ಪೊಲೀಸರು ಎಳೆದ ಸುಣ್ಣದ ಗೆರೆ ಇನ್ನೂ ಅಳಿಸಿಲ್ಲ, ಇವರಿಗೆ ನಗು.

ನನ್ನ ಕೈಯಲ್ಲಿ ಟೆಸ್ಟರ್ ಇತ್ತು. ಸ್ಪ್ಯಾನರ್ ಇರಲಿಲ್ಲ. ಯಜಮಾನನ ಪುಣ್ಯ.

“ಯಜಮಾನ್ರೇ,” ಎಂದೆ. “ಆ ಲೋಡಿಂಗ್ ಕಟ್ಟೆ ಮೇಲಿನ ಬಲ್ಬು ಹೋಗಿ ಎಷ್ಟು ಕಾಲ ಆಯ್ತು? ಅದನ್ನ ಬದಲಾಯಿಸೋಕೆ ಎಷ್ಟನೇ ಕ್ಲಾಸು ಓದಿರಬೇಕು?”

ನಗು ಈಗ ಆ ಕಡೆ ತಿರುಗಿತು. ಯಜಮಾನನ ಕಿವಿ ಕೆಂಪಾಯಿತು.

“ಇಬ್ಬರೂ ಬಾಯಿ ಮುಚ್ಚಿ,” ಎಂದರು ಇನ್ಸ್‌ಪೆಕ್ಟರ್ ಮೇಡಂ. ಸಣ್ಣ ದನಿಯ ಹೆಂಗಸು. ದನಿ ಏರಿಸದೆಯೇ ಅಂಗಳ ಸುಮ್ಮನಾಯಿತು. “ಕರೆಂಟ್, ಗಾಡಿ ಹತ್ತು. ರಿವರ್ಸ್ ಲೈಟು ಹಾಕಿ ತೋರಿಸು.”

ನಿನ್ನೆ ಹೊತ್ತು ಮುಳುಗುವಾಗ ನನ್ನ ಅಣ್ಣನ ಹಳೇ ಪಿಕಪ್ಪು ಹಿಂದಕ್ಕೆ ಬಂದು, ಗೋಡೌನಿನ ವಾಚ್‌ಮನ್ ಸೀಟಿ ತಾತನನ್ನು ಲೋಡಿಂಗ್ ಕಟ್ಟೆಗೆ ಒತ್ತಿ ಕೊಂದಿತ್ತು. ಅಣ್ಣ ಲಾಕಪ್ಪಿನಲ್ಲಿದ್ದ. ‘ರಿವರ್ಸ್ ತೆಗೀತಿದ್ದೆ, ಲೈಟು ಉರೀಲಿಲ್ಲ, ಕತ್ತಲಲ್ಲಿ ತಾತ ಕಾಣಲಿಲ್ಲ’ ಎಂದು ಹೇಳಿಕೆ ಕೊಟ್ಟಿದ್ದ. ಆ ಲೈಟು ಹಾಕಿದವನು ನಾನು.

ಆ ಗಾಡಿ ನನಗಿಂತ ಹಿರಿಯದು. ಅದರ ರಿವರ್ಸ್ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅಂಗೈ ಅಡ್ಡ ಹಿಡಿದು ನೋಡಬೇಕಿತ್ತು, ಅಷ್ಟು ಮಂಕು. ಗಾಜು ಹಳದಿಗಟ್ಟಿತ್ತು. ಹೋಲ್ಡರಿನೊಳಗೆ ಹಸಿರು ಕಿಲುಬು. ಅಣ್ಣ ಬಂದು, “ಹಿಂದೆ ಹಗಲಿನ ಹಾಗೆ ಬೆಳಕು ಬೇಕು ಕಣೋ” ಎಂದಿದ್ದ. ಹೋಲ್ಡರ್ ಕೆರೆದು ಶುದ್ಧ ಮಾಡಿದೆ. ಚಾಸಿಸ್ಸಿನ ಬಣ್ಣ ಉಜ್ಜಿ ಅರ್ತ್ ವೈರನ್ನು ಹೊಸದಾಗಿ ಕೂರಿಸಿದೆ. ಹಳೇ ಬಲ್ಬುಗಳನ್ನು ಅವುಗಳ ಜಾಗದಲ್ಲೇ ಬಿಟ್ಟು, ಬಂಪರಿನ ಕೆಳಗೆ ಆ ಕಡೆ ಒಂದು ಈ ಕಡೆ ಒಂದು ಎಲ್‌ಇಡಿ ಲೈಟು ಕೂರಿಸಿದೆ. ಅವಕ್ಕೆ ಬ್ಯಾಟರಿಯಿಂದಲೇ ದಪ್ಪ ವೈರು, ನಡುವೆ ಫ್ಯೂಸು, ಒಂದು ರಿಲೇ. ಗೇರು ರಿವರ್ಸಿಗೆ ಬಿದ್ದಾಗ ಹಳೇ ಬಲ್ಬಿಗೆ ಹೋಗುವ ಕರೆಂಟೇ ರಿಲೇಯನ್ನು ಎಬ್ಬಿಸುತ್ತದೆ. ರಿಲೇ ಟಕ್ ಎಂದು ಹೊಸ ಲೈಟು ಹೊತ್ತಿಸುತ್ತದೆ. ಹಿಂದೆ ನಿಂತವರ ಕಣ್ಣಿಗೆ ಹೊಡೆಯಬಾರದೆಂದು ಎರಡರ ಮೂತಿಯನ್ನೂ ಚೂರು ನೆಲಕ್ಕೆ ಬಗ್ಗಿಸಿದ್ದೆ.

ನಾನು ಅಷ್ಟು ಚೊಕ್ಕವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಅದೇ ಕೆಲಸ ಕೆಟ್ಟುಹೋಗಿರಲಪ್ಪಾ ಎಂದು ಬೇಡಿಕೊಳ್ಳುತ್ತಾ ಕ್ಯಾಬಿನ್ ಹತ್ತಿದೆ.

ಯಾಕೆಂದರೆ ಲೈಟು ಉರಿಯದಿದ್ದರೆ ಅಣ್ಣ ಹೇಳಿದ್ದು ನಿಜ. ಆಗ ಇದು ಅಪಘಾತ. ಅವನು ಮನೆಗೆ ಬರುತ್ತಾನೆ. ಬೈಗುಳ ನನಗೆ, ಕೇಸೂ ನನಗೆ. ಆಗಲಿ.

ಉರಿದರೆ?

ಕೀ ತಿರುಗಿಸಿದೆ. ಗೇರು ಹಾಕಿದೆ.

ಟಕ್.

ಅಂಗಳ ಲೋಡಿಂಗ್ ಕಟ್ಟೆಯ ಕಡೆಗೆ ಇಳಿಜಾರು. ಕಟ್ಟೆಗೆ ಮೂರು ಕಡೆ ಗೋಡೆ, ಮೇಲೆ ತಗಡು, ಹಗಲಲ್ಲೂ ಮಬ್ಬು. ಆ ಮಬ್ಬು ಒಂದೇ ಏಟಿಗೆ ಬೆಳ್ಳಗಾಯಿತು. ಗೋಡೆಯ ಬಿರುಕು, ಸಿಮೆಂಟಿನಲ್ಲಿ ಉಳಿದ ಕರಣೆಯ ಗೀರು, ಒಡೆದ ಟೈಲ್ಸಿನ ಚೂರು, ಕಟ್ಟೆಯ ಅಂಚಿನ ಕಂದು ಕಲೆ, ಎಲ್ಲವೂ ಕಂಡವು. ಕನ್ನಡಿಯಲ್ಲಿ ನೋಡುತ್ತಾ ಕುಳಿತಿದ್ದ ನನಗೆ ಆ ಕಲೆಯ ಪಕ್ಕ ಬಿದ್ದಿದ್ದ ಒಂದು ಚಪ್ಪಲಿಯೂ ಕಂಡಿತು.

ಯಜಮಾನನ ಮುಖ ಮೊದಲು ಸಪ್ಪಗಾಯಿತು. ಆಮೇಲೆ ಅದರಲ್ಲಿ ಬೇರೆ ಏನೋ ಹೊಳೆಯಿತು.

“ಉರೀತು!” ಎಂದ. “ಚೆನ್ನಾಗೇ ಉರೀತಲ್ಲ ಮೇಡಂ! ಹಾಗಾದ್ರೆ ಇವನ ಅಣ್ಣನಿಗೆ ಎಲ್ಲಾ ಕಾಣ್ತಿತ್ತು. ನೋಡ್ಕೊಂಡೇ ಗುದ್ದಿದಾನೆ.”

ಮೇಡಂ ಕಟ್ಟೆಯ ಹತ್ತಿರ ಹೋಗಿ ತಾತ ನಿಂತಿದ್ದ ಜಾಗದಲ್ಲಿ ನಿಂತರು. ಬೆಳಕು ಅವರ ಬೂಟಿನಿಂದ ಎದೆಯವರೆಗೂ ಬಿದ್ದಿತು. ಬೂಟಿನ ಲೇಸು ಕೂಡ ಎಣಿಸಬಹುದಿತ್ತು.

“ಮನುಷ್ಯ ಕಾಣಲಿಲ್ಲವಂತೆ,” ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ.

“ನಾನು ಹೇಳಲಿಲ್ವಾ ಮೇಡಂ,” ಎಂದು ಗುಂಪಿನಿಂದ ಒಬ್ಬ ಹಮಾಲ ಮುಂದೆ ಬಂದ. ಅವನಿಗೆ ರೇಡಿಯೋ ಅಂತಲೇ ಹೆಸರು, ಆರಿಸಲು ಬಟನ್ ಇಲ್ಲದ ರೇಡಿಯೋ. “ಹೋದ ವಾರ ತಾತನೂ ಇವರಣ್ಣನೂ ಗೇಟಲ್ಲಿ ಕತ್ತಿನಪಟ್ಟಿ ಹಿಡ್ಕೊಂಡಿದ್ರು. ‘ಇನ್ನೊಂದ್ಸಲ ನೋಡಿದ್ರೆ ನಿನ್ನ ಗಾಡಿನ ಗೇಟೊಳಗೆ ಬಿಡಲ್ಲ’ ಅಂತ ತಾತ. ‘ನಮ್ಮನೆ ವಿಷಯಕ್ಕೆ ಬಂದ್ರೆ ಚೆನ್ನಾಗಿರಲ್ಲ’ ಅಂತ ಇವರಣ್ಣ. ಬಿಡಿಸಿದ್ದು ನಾನೇ. ನನ್ನ ಅಂಗಿ ಗುಂಡಿ ಹೋಯ್ತು.”

“ಯಾವ ವಿಷಯಕ್ಕೆ?”

“ಅದು ಕೇಳಿಸಲಿಲ್ಲ ಮೇಡಂ. ಗುಂಡಿ ಹುಡುಕ್ತಿದ್ದೆ.”

ನಾನು ಕ್ಯಾಬಿನ್ನಿಂದ ಇಳಿದೆ. ನಾನು ಕೂರಿಸಿದ ಎರಡು ಲೈಟು ಅಂಗಳದ ಎದುರು ಹಲ್ಲು ಕಿರಿದುಕೊಂಡು ಉರಿಯುತ್ತಿದ್ದವು.

“ನಿಮ್ಮಣ್ಣನ್ನ ಸಂಜೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ,” ಎಂದರು ಮೇಡಂ. “ಅಪಘಾತ ಅಂತಲ್ಲ. ಕೊಲೆ ಅಂತ.”

ಏನಾದರೂ ಹೇಳಬೇಕು, ಏನಾದರೂ ಹುಡುಕಬೇಕು. ಗಾಡಿಯ ಹಿಂಭಾಗವನ್ನೇ ನೋಡಿದೆ. ಬಲಗಡೆಯ ಹಳೇ ಟೇಲ್ ಲೈಟು ನೆಟ್ಟಗಿತ್ತು, ಅದರ ರಿವರ್ಸ್ ಬಲ್ಬು ಮಂಕಾಗಿ ಉರಿಯುತ್ತಿತ್ತು. ಎಡಗಡೆಯದು ಕಟ್ಟೆಯ ಮೂಲೆಗೆ ಬಡಿದು ಪುಡಿಯಾಗಿತ್ತು. ಅದಕ್ಕೆ ಬರುವ ವೈರು ಗುದ್ದಿದ ಏಟಿಗೆ ಕಿತ್ತುಹೋಗಿತ್ತು, ಈಗ ಗೇರು ಹಾಕಿದಾಗಲೂ ಅಲ್ಲಿಗೆ ಕರೆಂಟು ತಲುಪಿರಲಿಲ್ಲ. ಪ್ಲಾಸ್ಟಿಕ್ಕು ಹೋಗಿತ್ತು, ಒಳಗಿನ ಬಲ್ಬಿನ ಗಾಜೂ ಹೋಗಿತ್ತು. ಹೋಲ್ಡರಿನಲ್ಲಿ ಬಲ್ಬಿನ ಬುಡ ಮಾತ್ರ ಉಳಿದಿತ್ತು, ಅದರ ಮೇಲೆ ಎರಡು ಕಡ್ಡಿ, ಕಡ್ಡಿಗಳ ನಡುವೆ ಕೂದಲಿನಂಥ ಸುರುಳಿ ತಂತಿ.

ತಂತಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ನಾನು ಮಂಡಿಯೂರಿದೆ. ಮತ್ತೆ ನೋಡಿದೆ.

“ಮೇಡಂ! ಮೇಡಂ, ಇಲ್ಲಿ ಬನ್ನಿ. ಇದನ್ನ ಯಾರೂ ಮುಟ್ಟಬೇಡಿ.”

ಅವರು ಬಂದು ಬಗ್ಗಿದರು.

“ಉರಿಯೋ ಬಲ್ಬಿನ ಗಾಜು ಒಡೆದ್ರೆ ತಂತಿಗೆ ಗಾಳಿ ತಗಲುತ್ತೆ. ಕೆಂಡದ ಹಾಗೆ ಇರುತ್ತಲ್ಲ, ಆ ಕ್ಷಣಕ್ಕೇ ಸುಟ್ಟು ಕಪ್ಪಾಗುತ್ತೆ. ಸುತ್ತ ಬಿಳೀ ಬೂದಿ ಹಿಡಿಯುತ್ತೆ. ದಿನಾ ನೋಡ್ತೀನಿ ನಾನು, ಗುದ್ದಿಸ್ಕೊಂಡು ಬರೋ ಗಾಡಿಗಳಲ್ಲಿ. ಇದು ನೋಡಿ, ಹೊಸ ತಂತಿ ಹಾಗಿದೆ. ಗಾಜು ಒಡೆದಾಗ ಈ ಬಲ್ಬು ತಣ್ಣಗಿತ್ತು. ಉರೀತಿರಲಿಲ್ಲ!”

“ನಿನ್ನ ಹೊಸ ಲೈಟು?”

“ಗೇರಿಂದ ಬರೋ ಒಂದೇ ಕರೆಂಟು ಇದಕ್ಕೂ ಅದರ ರಿಲೇಗೂ. ಇದಕ್ಕೆ ಕರೆಂಟ್ ಇಲ್ಲ ಅಂದ್ರೆ ಅದಕ್ಕೂ ಇಲ್ಲ. ಅಣ್ಣ ಸುಳ್ಳು ಹೇಳಿಲ್ಲ ಮೇಡಂ. ಲೈಟು ನಿಜವಾಗಿ ಉರೀಲಿಲ್ಲ.”

ಮೇಡಂ ಸ್ವಲ್ಪ ಹೊತ್ತು ಆ ತಂತಿಯನ್ನೇ ನೋಡಿದರು. ಕಾನ್ಸ್‌ಟೇಬಲ್ಲಿಗೆ ಸನ್ನೆ ಮಾಡಿ ಅದರ ಫೋಟೋ ತೆಗೆಸಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು:

“ನಿನ್ನ ವೈರಿಂಗ್ ಈಗ ಸರಿಯಾಗಿದೆ. ಗಾಡಿ ಮುಂದಕ್ಕೆ ತೆಗೆದಿದ್ದು ಬಿಟ್ಟು ನಿನ್ನೆಯಿಂದ ಯಾರೂ ಕೈ ಹಾಕಿಲ್ಲ, ಕಾವಲಿದೆ. ಹಾಗಾದ್ರೆ ನಿನ್ನೆಯೂ ಸರಿಯಾಗೇ ಇತ್ತು. ಆದರೂ ಉರೀಲಿಲ್ಲ. ಯಾವಾಗ ಹಾಗಾಗುತ್ತೆ?”

ಉತ್ತರ ನಾಲಗೆಯ ಮೇಲೆ ಬಂದುಬಿಟ್ಟಿತ್ತು. ಬಂದ ಮೇಲೆ ನುಂಗಲು ಹೋದೆ, ಆಗಲಿಲ್ಲ.

“ಗೇರು ರಿವರ್ಸಲ್ಲಿ ಇಲ್ಲದಿದ್ರೆ. ಇಲ್ಲಾಂದ್ರೆ ಕೀ ಆಫ್ ಇದ್ರೆ.”

“ಅಂದರೆ ಇಂಜಿನ್ ಸದ್ದಿಲ್ಲ. ಲೈಟಿಲ್ಲ. ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಸುಮ್ಮನೆ ಉರುಳಿಬಿಟ್ಟಿದಾರೆ, ಹಿಂದೆ ನಿಂತವನಿಗೆ ಗೊತ್ತೇ ಆಗದ ಹಾಗೆ.” ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಬೇಸರವೇ ಇತ್ತು. “ನಿಮ್ಮಣ್ಣ ರಿವರ್ಸ್ ತೆಗೀತಿದ್ದೆ ಅಂದ. ತೆಗೀತಿರಲಿಲ್ಲ. ಈಗ ಏನು ತೋರಿಸಿಕೊಟ್ಟೆ ಗೊತ್ತಾಯ್ತಾ ನಿನಗೆ?”

ಗೊತ್ತಾಯಿತು. ಲೈಟು ಉರಿದಾಗ ಅಣ್ಣನ ಕುತ್ತಿಗೆಗೆ ಹಗ್ಗ ಬಿದ್ದಿತ್ತು. ಆ ಹಗ್ಗಕ್ಕೆ ಗಂಟು ಹಾಕಿದವನು ನಾನು.

ಯಜಮಾನ ಹಿಂದಿನಿಂದ, “ಏಳನೇ ಕ್ಲಾಸಾದ್ರೂ ಬುದ್ಧಿವಂತ,” ಎಂದ. ಈ ಸಲ ಯಾರೂ ನಗಲಿಲ್ಲ.

* * *

ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸಿ ಎತ್ತಿದೆ. ರೇಡಿಯೋ ಪಕ್ಕದಲ್ಲಿ ನಿಂತಿದ್ದ, ಕೈಯಲ್ಲಿ ತನ್ನ ಟವೆಲ್ಲು ಹಿಡಿದುಕೊಂಡು.

“ಒರೆಸ್ಕೋ ಕರೆಂಟಣ್ಣ. ನಾನು ಸಾಕ್ಷಿ ಹೇಳಿದ್ದು ತಪ್ಪು ತಿಳ್ಕೋಬೇಡ. ಕೇಳಿದ್ರು, ಹೇಳ್ದೆ.”

“ನಿನ್ನನ್ನ ಕೇಳಬೇಕಾ? ಕೇಳದೇ ಇದ್ರೂ ಹೇಳ್ತೀಯ.”

“ಅದೂ ನಿಜ.”

ಟವೆಲ್ಲು ಇಸಿದುಕೊಂಡೆ. ಅದರಲ್ಲಿ ಸಿಮೆಂಟಿನ ಧೂಳಿತ್ತು. “ನಿನ್ನೆ ಏನಾಯ್ತು ಹೇಳು. ಮೊದಲಿಂದ. ನೀನು ನೋಡಿದ್ದು ಮಾತ್ರ, ಊಹೆ ಬೇಡ.”

“ನೋಡಿದ್ದು ಕಮ್ಮಿ ಅಣ್ಣ. ನಾನು ಟೈಲ್ಸ್ ಅಟ್ಟಿ ಹಿಂದೆ ಬಾಕ್ಸ್ ಜೋಡಿಸ್ತಿದ್ದೆ. ತಾತನ ದನಿ ಕೇಳಿಸ್ತು. ‘ಬರ್ಲಿ, ಬರ್ಲಿ, ಬರ್ಲಿ’ ಅಂತ. ಗಾಡಿ ಹಿಂದಕ್ಕೆ ತೆಗೆಸ್ತಿದಾನೆ ಅಂದ್ಕೊಂಡೆ. ಆಮೇಲೆ ಧಡ್ ಅಂತು. ಓಡಿ ಬಂದೆ. ನಿಮ್ಮಣ್ಣ ಕ್ಯಾಬಿನ್ ಬಾಗಿಲು ಹಿಡ್ಕೊಂಡು ನಿಂತಿದ್ದ, ಆಗಷ್ಟೇ ಇಳಿದವನ ಹಾಗೆ.”

“ಬರ್ಲಿ ಅಂದನಾ? ತಾತ?”

“ಹೂಂ. ಎಲ್ಲಾರೂ ಹಾಗೇ ತಾನೇ ಅನ್ನೋದು? ಬರ್ಲಿ ಬರ್ಲಿ, ಹೋಲ್ಡಾನ್.”

“ಎಲ್ಲಾರೂ ಅಂತಾರೆ. ತಾತ ಅಂತಿದ್ನಾ? ಯಾಕೋ ಅವನಿಗೆ ಸೀಟಿ ತಾತ ಅಂತ ಹೆಸರು?”

ರೇಡಿಯೋ ಬಾಯಿ ತೆರೆದ. ಮುಚ್ಚಿದ. ನಾನು ಕಂಡ ಹಾಗೆ ಅದೇ ಮೊದಲ ಸಲ ಆ ಸ್ಟೇಷನ್ ನಿಂತುಹೋಗಿದ್ದು.

ತಾತ ಗಾಡಿ ತೆಗೆಸುತ್ತಿದ್ದದ್ದು ಸೀಟಿಯಲ್ಲೇ. ಚಿಕ್ಕದಾಗಿ ಊದುತ್ತಿದ್ದರೆ ಬರಬಹುದು, ಉದ್ದ ಊದಿದರೆ ನಿಲ್ಲಬೇಕು. ಇಂಜಿನ್ ಸದ್ದಿನಲ್ಲಿ ಬಾಯಿ ಮಾತು ಯಾವನಿಗೆ ಕೇಳುತ್ತೆ ಎನ್ನುತ್ತಿದ್ದ. ಕತ್ತಿಗೆ ದಾರ ಕಟ್ಟಿಕೊಂಡು ಮಲಗುವಾಗಲೂ ತೆಗೆಯುತ್ತಿರಲಿಲ್ಲವಂತೆ.

“ನಿನ್ನೆ ಸೀಟಿ ಕೇಳಿಸ್ತಾ?”

“ಇಲ್ಲ.” ಹುಬ್ಬು ಗಂಟಿಕ್ಕಿ ಯೋಚಿಸಿದ. “ಇಲ್ಲ ಕಣಣ್ಣ. ಧಡ್ ಅನ್ನೋ ಮುಂಚೆ ಚೂರು ಕೀಚ್ ಅಂತೇನೋ, ಅದು ಬಿಟ್ರೆ ಸೀಟಿ ಇಲ್ಲ. ಮಾತೇ. ಸ್ವಲ್ಪ ಸಿಟ್ಟಲ್ಲಿದ್ದ ಹಾಗಿತ್ತು. ಬರ್ಲೀ, ಬರ್ಲೀ ಅಂತ. ಹೀಗೆ.”

ಅವನು ಅಂದು ತೋರಿಸಿದ. ಗಾಡಿಗೆ ಹೇಳುವ ಬರ್ಲಿ ಸಮನಾಗಿ, ಉರುಳುವ ಚಕ್ರದ ಹಾಗೆ ಬರುತ್ತದೆ. ಇದು ಹಾಗಿರಲಿಲ್ಲ. ಇದು ಅಮ್ಮಂದಿರು ಸೌಟು ಎತ್ತಿ ಹಿಡಿದು ಹೇಳುವ ಬರ್ಲಿ. ‘ಬರ್ಲಿ, ನಿಮ್ಮಪ್ಪ ಬರ್ಲಿ, ಹೇಳ್ತೀನಿ.’

ತಾತ ಗಾಡಿ ತೆಗೆಸುತ್ತಿರಲಿಲ್ಲ. ಯಾರನ್ನೋ ಗದರಿಸುತ್ತಿದ್ದ. ಇನ್ನೂ ಬಾರದ ಒಬ್ಬನ ಹೆಸರು ಹೇಳಿ ಹೆದರಿಸುತ್ತಿದ್ದ. ಬರಬೇಕಾಗಿದ್ದವನು ಅಣ್ಣನೇ ಆಗಿದ್ದರೆ, ಅಣ್ಣ ಆ ಗಾಡಿಯಲ್ಲಿ ಇರಲೇ ಇಲ್ಲ.

“ಅಣ್ಣ ಅದಕ್ಕೂ ಮುಂಚೆ ಎಲ್ಲಿದ್ದ?”

“ಆಫೀಸ್ ಕಡೆ ಹೋದ ಹಾಗಿತ್ತು. ಲೋಡು ಯಾವುದು ಅಂತ ಕೇಳೋಕೆ. ವಾಪಸ್ ಬಂದಿರಬೇಕು ಅಂದ್ಕೊಂಡೆ.”

“ಓಡಿ ಬಂದಾಗ ಇನ್ಯಾರಿದ್ರು ಅಲ್ಲಿ?”

“ಆಮೇಲೆ ಎಲ್ಲಾರೂ ಬಂದ್ರಲ್ಲ. ಪಂಕ್ಚರ್‌ನವರು, ಯಜಮಾನ್ರು. ನಿಮ್ಮಪ್ಪನೂ ಇದ್ರಲ್ಲ ಪಾಪ, ಗೋಡೆ ಹಿಡ್ಕೊಂಡು ನಡುಗ್ತಿದ್ರು. ತಾತನೂ ಅವರೂ ಸ್ನೇಹಿತರಲ್ವಾ. ನಾನೇ ನೀರು ಕೊಟ್ಟೆ.”

ಟವೆಲ್ಲು ಕೈಯಲ್ಲೇ ಉಳಿಯಿತು.

ಅಪ್ಪ ನಿನ್ನೆ ಮನೆಯಲ್ಲಿದ್ದ. ಹಾಗಂತ ಅಪ್ಪನೇ ನನಗೆ ಹೇಳಿದ್ದ. ಮಧ್ಯಾಹ್ನ ಮಲಗಿದವನು ಎದ್ದೇ ಇಲ್ಲ ಕಣೋ ಎಂದಿದ್ದ.

* * *

ಲಾಕಪ್ಪಿನ ಕಂಬಿಯ ಆಚೆ ಅಣ್ಣ ಗೋಡೆಗೆ ಒರಗಿ ಕುಳಿತಿದ್ದ. ಎತ್ತರದ ಆಳು, ಆ ಕೋಣೆಯಲ್ಲಿ ಕಾಲು ಮಡಚಿಕೊಂಡರೂ ಜಾಗ ಸಾಲದು. ನನ್ನನ್ನು ಕಂಡು ಎದ್ದು ಬಂದ. ಕಾನ್ಸ್‌ಟೇಬಲ್, “ಬೇಗ ಮುಗಿಸಿ, ವ್ಯಾನು ಬರುತ್ತೆ” ಎಂದು ಹೊರಗೆ ಹೋದ.

“ಏನು ಹೇಳಿದೆ ಅವರಿಗೆ?” ಎಂದ ಅಣ್ಣ, ದನಿ ತಗ್ಗಿಸಿ. “ವೈರು ಲೂಸಿತ್ತು ಅಂತ ಒಪ್ಕೊಂಡೆಯಾ?”

“ಅವರೇ ಪರೀಕ್ಷೆ ಮಾಡಿಸಿದ್ರು. ಉರೀತು.”

ಅಣ್ಣನ ಮುಖದಿಂದ ರಕ್ತ ಇಳಿದುಹೋಯಿತು.

“ಉರೀತಾ?”

“ಉರಿದೇ ಉರೀತು. ಎಲ್ಲರ ಎದುರಿಗೆ.”

“ಥೂ ನಿನ್ನ,” ಎಂದ. ಕಣ್ಣಲ್ಲಿ ನೀರು ತುಂಬಿತ್ತು, ನಗುವಿನ ಹಾಗೆ ಏನೋ ಬಾಯಿಂದ ಬಂತು. “ಜೀವನದಲ್ಲಿ ಒಂದು ಕೆಲಸನಾದ್ರೂ ಕೆಟ್ಟದಾಗಿ ಮಾಡಬಾರದಿತ್ತೇನೋ ನೀನು?”

ನಾನು ಕಂಬಿ ಹಿಡಿದುಕೊಂಡೆ. “ಈಗ ಕೊಲೆ ಅಂತ ಕೇಸು ಹಾಕ್ತಾರೆ. ಗೊತ್ತಾ? ಕೊಲೆ! ಹೋದ ವಾರ ತಾತನ ಜೊತೆ ಜಗಳ ಆಡಿದ್ದೆಯಂತೆ. ಯಾಕೆ?”

“ಏನೋ ಒಂದು. ಪಾರ್ಕಿಂಗು.”

“ನಮ್ಮನೆ ವಿಷಯಕ್ಕೆ ಬರಬೇಡ ಅಂದೆಯಂತೆ. ಪಾರ್ಕಿಂಗ್ ನಮ್ಮನೆ ವಿಷಯಾನಾ?”

ಅಣ್ಣ ಮುಖ ತಿರುಗಿಸಿದ.

“ಇಲ್ಲಿ ನೋಡು. ನನಗೊಂದು ಹೇಳು. ನಿನ್ನ ಕಣ್ಣು ಹದ್ದಿನ ಕಣ್ಣು. ಸಂದಿಗೊಂದಿಯಲ್ಲಿ ಕನ್ನಡಿ ಕೂಡ ನೋಡದೆ ರಿವರ್ಸ್ ತೆಗೀತೀಯ. ಇಷ್ಟು ವರ್ಷ ಆ ಮಿಣುಕು ಬಲ್ಬಲ್ಲೇ ಓಡಿಸ್ದೆ, ಒಂದು ದಿನ ಗೊಣಗಲಿಲ್ಲ. ಇದ್ದಕ್ಕಿದ್ದ ಹಾಗೆ ಹಗಲಿನ ಹಾಗೆ ಬೆಳಕು ಬೇಕು ಅಂತ ಯಾಕೆ ಬಂದೆ ನನ್ನ ಹತ್ರ? ಯಾರಿಗೆ ಬೇಕಿತ್ತು ಅಷ್ಟು ಬೆಳಕು?”

ಹೊರಗೆ ಯಾರೋ ಟೈಪ್ ಮಾಡುತ್ತಿದ್ದರು. ಕೀಲಿಮಣೆಯ ಸದ್ದು ನಿಂತು ನಿಂತು ಬರುತ್ತಿತ್ತು.

“ಯಾರಿಗೂ ಇಲ್ಲ,” ಎಂದ ಅಣ್ಣ.

“ಅಣ್ಣ.”

“ಸುಮ್ಮನಿರು.”

“ಅಣ್ಣ, ನಾನು ಹೊರಗೆ ಮೇಡಂ ಎದುರು ಒಂದು ಮಾತು ಹೇಳಿದ್ರೆ ಸಾಕು.”

ಕಂಬಿಯ ಸಂದಿನಿಂದ ಅವನ ಕೈ ಬಂದು ನನ್ನ ಅಂಗಿ ಹಿಡಿದೆಳೆಯಿತು. ಹಣೆ ಕಂಬಿಗೆ ತಗುಲಿತು. ಅವನ ಉಸಿರು ನನ್ನ ಮುಖಕ್ಕೆ ಬಡಿಯಿತು.

“ಹೇಳಿ ನೋಡು. ಇವತ್ತಿಗೆ ನೀನು ನನ್ನ ತಮ್ಮನಲ್ಲ. ನಾನು ಗಟ್ಟಿ ಇದೀನಿ, ಒಳಗಿದ್ರೂ ಬದುಕ್ತೀನಿ. ಅವರು ಒಂದು ವಾರ ಬದುಕಲ್ಲ ಇಲ್ಲಿ. ರಾತ್ರಿ ಎದ್ದರೆ ಬಚ್ಚಲ ದಾರಿ ಕಾಣಲ್ಲ ಅವರಿಗೆ. ತಪ್ಪು ನಂದು. ಲಾರಿ ಬಿಟ್ಟ ಮೇಲೆ ಮನೇಲಿ ಕೂತು ಕೊರಗ್ತಿದ್ರು, ಖಾಲಿ ರಸ್ತೇಲಿ ಸ್ವಲ್ಪ ದೂರ ಓಡಿಸ್ಲಿ ಅಂತ ಕೊಟ್ಟವನು ನಾನು. ತಾತ ನೋಡಿ ಉಗಿದ, ಅವನಿಗೇ ಜೋರು ಮಾಡ್ದೆ. ಲೈಟಿದ್ರೆ ಸಾಕು, ಹಿಂದೆ ಕಾಣುತ್ತೆ ಅಂದ್ಕೊಂಡೆ.”

ಅಂಗಿ ಬಿಟ್ಟ. ತಾನು ಎಳೆದು ಮುದುಡಿಸಿದ್ದ ಕಾಲರನ್ನು ತಾನೇ ಸರಿ ಮಾಡಿದ, ಸ್ಕೂಲಿಗೆ ಕಳಿಸುತ್ತಿದ್ದ ದಿನಗಳಲ್ಲಿ ಮಾಡುತ್ತಿದ್ದ ಹಾಗೆ.

“ಊಟ ಮಾಡಿದ್ರಾ?” ಎಂದು ಕೇಳಿದ.

“ಯಾರು?”

“ಇನ್ಯಾರು? ಅಪ್ಪ.”

* * *

ಅಪ್ಪ ಸ್ಟೇಷನ್ನಿನ ವರಾಂಡದ ಬೆಂಚಿನ ಮೇಲೆ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಗುಂಡಿಗಳನ್ನು ಒಂದು ಕಾಜಾ ತಪ್ಪಿ ಹಾಕಿಕೊಂಡಿದ್ದ. ಲೋಟದ ತಳದಂಥ ದಪ್ಪ ಕನ್ನಡಕ. ನಾನು ಎದುರು ನಿಂತರೂ ಗುರುತಾಗಲಿಲ್ಲ. ಹೆಜ್ಜೆ ಸದ್ದಿಗೆ ತಲೆ ಎತ್ತಿದ.

“ಯಾರು, ಬಲ್ಬಾ?”

ಹುಟ್ಟಿದಾಗ ನನ್ನ ತಲೆಯಲ್ಲಿ ಒಂದು ಕೂದಲಿರಲಿಲ್ಲವಂತೆ. ಅವತ್ತಿನಿಂದ ನಾನು ಅಪ್ಪನಿಗೆ ಬಲ್ಬು.

“ನಾನೇ.”

“ಏನಂದ ದೊಡ್ಡವನು?”

“ನೀನು ಊಟ ಮಾಡಿದೆಯಾ ಅಂದ.”

ಅಪ್ಪ ತಲೆ ಆಡಿಸಿದ, ಬಹಳ ಹೊತ್ತು. ನಾನು ಪಕ್ಕದಲ್ಲಿ ಕೂರಲಿಲ್ಲ. ಕೂತರೆ ಕಿರುಚಿಬಿಡುತ್ತೇನೆ ಅನ್ನಿಸಿತು. ಮನೆಯಲ್ಲಿದ್ದೆ ಅಂತ ಸುಳ್ಳು ಹೇಳಿದೆ. ಮಗ ಒಳಗೆ ಹೋಗುತ್ತಿದ್ದರೆ ಇಸ್ತ್ರಿ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕುಳಿತಿದ್ದೀಯ. ಇಷ್ಟೂ ಮಾತು ಹಲ್ಲಿನ ಹಿಂದೆ ಬಂದು ನಿಂತಿದ್ದವು.

“ತಾತ ನಿನ್ನೆ ನಿನಗೆ ಏನಂದ?” ಎಂದಷ್ಟೇ ಕೇಳಿದೆ.

ಅಪ್ಪ ಕನ್ನಡಕ ಮೇಲಕ್ಕೆ ಸರಿಸಿಕೊಂಡ.

“ಗೊತ್ತಾಯ್ತಾ ನಿನಗೆ.”

“ಏನಂದ ಹೇಳು.”

“ಬೈದ. ಅವನು ಕಟ್ಟೆ ಹತ್ರ ಚೂರು ಗುಡಿಸ್ತಿದ್ದ. ದೊಡ್ಡವನು ನನ್ನನ್ನ ಗಾಡೀಲೇ ಕೂರಿಸಿ ಆಫೀಸಿಗೆ ಹೋದ. ನಾನು ಸುಮ್ಮನೆ ಡ್ರೈವರ್ ಸೀಟಿಗೆ ಸರಿದು ಕೂತೆ, ಸ್ಟೇರಿಂಗ್ ಹಿಡ್ಕೊಂಡು. ಅಷ್ಟೇ ಕಣೋ. ಅವನು ಹಿಂದಿನಿಂದ ನೋಡಿ ಶುರು ಮಾಡ್ದ. ಏನೇನೋ ಅಂದ, ನನಗೆ ಪೂರ್ತಿ ಕೇಳಿಸಲಿಲ್ಲ. ಬರ್ಲಿ, ಬರ್ಲಿ ಅನ್ನೋದು ಮಾತ್ರ ಕೇಳಿಸ್ತು.”

ಅವನು ನಿಲ್ಲಿಸಿದ.

“ಬರ್ಲಿ ಅಂದ್ರೆ ನಾನೇನು ಮಾಡ್ಬೇಕು ಹೇಳು? ಒಂದು ಆಯುಷ್ಯ ಪೂರ್ತಿ ಲಾರಿ ಓಡಿಸಿದೀನಿ. ಹಿಂದೆ ನಿಂತವನು ಬರ್ಲಿ ಅಂದ್ರೆ ಬಿಡಬೇಕು. ಬಿಟ್ಟೆ. ಇಳಿಜಾರಲ್ವಾ, ಇಂಜಿನ್ ಯಾಕೆ, ಡೀಸೆಲ್ ದಂಡ ಅಂತ ಹ್ಯಾಂಡ್‌ಬ್ರೇಕ್ ಬಿಟ್ಟೆ. ನನ್ನ ಕಾಲದಲ್ಲಿ ಎಲ್ಲಾ ಹಾಗೇ ಬಿಡ್ತಿದ್ವಿ. ನ್ಯೂಟ್ರಲ್ಲಲ್ಲಿ.”

“ಅಪ್ಪ, ಗಾಡಿ ತೆಗೆಸೋವಾಗ ತಾತ ಸೀಟಿ ಊದ್ತಿದ್ದ. ಬರ್ಲಿ ಅಂತಿರಲಿಲ್ಲ.”

“ನನಗೆ ಗೊತ್ತು ಮಗ. ಕೈಗೆ ಗೊತ್ತಿಲ್ಲ.” ಕನ್ನಡಕದ ಕೆಳಗಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. “ಆಮೇಲೆ ಉದ್ದ ಊದಿದ. ನಿಲ್ಸು ಅಂತ. ಅಷ್ಟೂ ಊದಕ್ಕಾಗಲಿಲ್ಲ ಅವನಿಗೆ, ಅರ್ಧಕ್ಕೆ ನಿಂತುಹೋಯ್ತು. ಬ್ರೇಕು ತುಳಿದೆ. ಇಂಜಿನ್ ಆಫಿದ್ರೆ ಬ್ರೇಕು ಕಲ್ಲಾಗಿರುತ್ತೆ ಕಣೋ. ಎರಡು ಕಾಲೂ ಇಟ್ಟು ತುಳಿದೆ.”

ಎದುರಿನ ರಸ್ತೆಯಲ್ಲಿ ಪೊಲೀಸ್ ವ್ಯಾನು ಬಂದು ಗೇಟಿನ ಹತ್ತಿರ ನಿಂತಿತು. ಚಾಲಕ ಇಳಿದು, ಹಿಂಬಾಗಿಲಿನ ಚಿಲಕ ತೆಗೆದು, ಒಳಗಿನ ಸೀಟನ್ನು ಕೈಯಿಂದ ಒರೆಸಿದ.

ಅಪ್ಪನಿಗೆ ಅದು ಕಾಣಲಿಲ್ಲ. ಚಿಲಕದ ಸದ್ದು ಕೇಳಿಸಿತು.

“ವ್ಯಾನಾ?”

“ಹೂಂ.”

“ದೊಡ್ಡವನಿಗಾ?”

ನಾನು ಗೇಟಿನ ಕಡೆ ನೋಡಿದೆ.

“ಬಾಯಿ ಬಿಟ್ರೆ ನಿನ್ನ ಮಗನೇ ಅಲ್ಲ ಅಂದ. ಮನೆಗೆ ಹೋಗಿ ಮಲಗು, ಯಾರು ಕೇಳಿದ್ರೂ ಮಲಗಿದ್ದೆ ಅನ್ನು ಅಂದ. ಹೂಂ ಅಂದೆ. ನಾನು ಹೂಂ ಅಂದೆನಲ್ಲೋ.” ಅಪ್ಪ ಬೆಂಚಿನ ಅಂಚು ಹಿಡಿದು ಅರ್ಧ ಎದ್ದ. ಮತ್ತೆ ಕುಳಿತ. ಬಾಗಿಲೊಳಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಮೇಡಂ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದರು.

“ದೊಡ್ಡವನು ಬೇಡ ಅಂದಿದಾನೆ,” ಎಂದ ಅಪ್ಪ. “ನೀನೇನಂತೀಯ ಬಲ್ಬು? ಹೋಗಿ ಹೇಳಿಬಿಡ್ಲಾ?”

ಜೀವಮಾನವಿಡೀ ಯಾರು ಏನಂದರೂ ನನ್ನ ಹತ್ತಿರ ಒಂದು ಎದುರುತ್ತರ ಇರುತ್ತಿತ್ತು. ಮೇಷ್ಟ್ರಿಗೆ, ಪೊಲೀಸರಿಗೆ, ದುಡ್ಡಿದ್ದವರಿಗೆ. ಬಾಯಿ ತೆರೆದೆ. ಹೂಂ ಅಂದರೆ ಜೈಲಿಗೆ ಈ ಮುದುಕ. ಬೇಡ ಅಂದರೆ ಒಳಗಿರುವವನು.

“ಹೇಳೋ,” ಎಂದ ಅಪ್ಪ. “ನೀನು ಹೇಳಿದ ಹಾಗೆ ಮಾಡ್ತೀನಿ.”

ನಾನು ಮೆಟ್ಟಿಲು ಇಳಿದೆ. ವ್ಯಾನು ದಾಟಿದೆ. ಹಿಂದೆ ಬೆಂಚು ಕಿರ್ರೆಂದಿತು; ಅಪ್ಪ ಎದ್ದನೋ, ಸುಮ್ಮನೆ ಸರಿದು ಕುಳಿತನೋ ತಿಳಿಯಲಿಲ್ಲ. ತಿರುಗಿ ನೋಡಲಿಲ್ಲ. ನಡೆಯುತ್ತಲೇ ಹೋದೆ.